ದುಡಿಯುವವರಿಗೆ ಸೋಮಾರಿ ಪಟ್ಟ

‘ನಮ್ಮ ಕಡೆ ಮಂದಿ ಕೆಲಸಕ್ಕ ನಿಂದ್ರಂಗಿಲ್ರೀ.’ ಗಂಗಾವತಿಯ ರೈಸ್ ಮಿಲ್ಲುಗಳಲ್ಲಿ, ಗಿಣಿಗೇರಿ ಸುತ್ತಲಿನ ಕಾರ್ಖಾನೆಗಳ ಆಫೀಸಿನಲ್ಲಿ, ಕೊಪ್ಪಳದ ಹೋಟೆಲು–ಅಂಗಡಿಗಳಲ್ಲಿ ಈ ಮಾತು ದಿನವೂ ಕೇಳಿಬರುತ್ತದೆ. ಅದರ ಬೆನ್ನಿಗೇ ಉಳಿದದ್ದೂ ಬರುತ್ತದೆ: ಪಗಾರ ಆದ ಮರುದಿನ ಗೈರು, ಜಾತ್ರೆ ಬಂದರೆ ವಾರಗಟ್ಟಲೆ ಪತ್ತೆ ಇಲ್ಲ, ಒಂದು ಮಾತು ಅಂದರೆ ಮುನಿಸಿಕೊಂಡು ಮನೆಗೆ ಹೋಗುತ್ತಾರೆ, ಗ್ಯಾರಂಟಿ ದುಡ್ಡು ಬಂದಮೇಲಂತೂ ಮೈ ಬಗ್ಗಿಸುವುದೇ ಇಲ್ಲ, ಬಿಹಾರ–ಒಡಿಶಾದವರು ತುಟಿ ಪಿಟಕ್ಕೆನ್ನದೆ ದುಡಿಯುತ್ತಾರೆ. ಹೇಳುವವರು ಮಾಲೀಕರಷ್ಟೇ ಅಲ್ಲ. ಅಧಿಕಾರಿಗಳು ಹೇಳುತ್ತಾರೆ, ಮೇಷ್ಟ್ರು ಹೇಳುತ್ತಾರೆ, ಕೊನೆಗೆ ಸ್ವತಃ ಕೂಲಿಯವರ ಮಕ್ಕಳು ನಾಲ್ಕಕ್ಷರ ಕಲಿತು ಅಂಗಿಗೆ ಇಸ್ತ್ರಿ ಬಿದ್ದ ಮೇಲೆ ಅದನ್ನೇ ಹೇಳುತ್ತಾರೆ.

ಹೋಟೆಲಿನ ಹರಟೆಯಾಗಿ ಇದು ಮುಗಿದಿದ್ದರೆ ಬಿಡಬಹುದಿತ್ತು. ಆದರೆ ಈ ಮಾತಿನ ಮೇಲೆಯೇ ಕೊಪ್ಪಳ ಜಿಲ್ಲೆಯ ಕೆಲಸದ ಜಗತ್ತು ನಿಂತಿದೆ. ಹೇಗೂ ನಿಲ್ಲುವುದಿಲ್ಲ ಎಂದು ಕಾಯಂ ಮಾಡುವುದಿಲ್ಲ. ಹೇಗೂ ಬಿಟ್ಟು ಹೋಗುತ್ತಾರೆ ಎಂದು ಕೆಲಸ ಕಲಿಸುವುದಿಲ್ಲ. ಹೇಗೂ ಕೇಳುವುದಿಲ್ಲ ಎಂದು ಸಮಾಧಾನದಿಂದ ಮಾತಾಡಿಸುವುದಿಲ್ಲ. ಕಾಯಂ ಆಗದ, ಕಲಿಯದ, ಮಾತಾಡಿಸಿಕೊಳ್ಳದ ಮನುಷ್ಯ ಒಂದು ದಿನ ಬಿಟ್ಟು ಹೋದಾಗ, ಮೊದಲೇ ಹೇಳಿದ್ದೆವಲ್ಲ ಎನ್ನುತ್ತಾರೆ. ಹೀಗೆ ತನ್ನ ಸಾಕ್ಷಿಯನ್ನು ತಾನೇ ಹುಟ್ಟಿಸಿಕೊಳ್ಳುವ ಈ ನಂಬಿಕೆ ಸುಳ್ಳು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಜನ ಕೆಲಸವನ್ನು ಬಿಟ್ಟು ಓಡುವುದಿಲ್ಲ. ಮುಂದೆ ಮೆಟ್ಟಿಲೇ ಇಲ್ಲದ ಕೆಲಸವನ್ನು ಬಿಡುತ್ತಾರೆ.

ಮೊದಲ ಸಾಕ್ಷಿ ಕುಷ್ಟಗಿಯ ಬಸ್ ನಿಲ್ದಾಣದಲ್ಲೇ ಸಿಗುತ್ತದೆ. ಕುಷ್ಟಗಿ, ಯಲಬುರ್ಗಾ ಎರಡೂ ಮಳೆ ನಂಬಿದ ಸೀಮೆ. ಸಜ್ಜೆ, ತೊಗರಿ, ಕಡಲೆ, ಜೋಳದ ರಾಶಿ ಮುಗಿದರೆ ಹೊಲದಲ್ಲಿ ಕೆಲಸವಿಲ್ಲ. ಮಳೆ ಕೈಕೊಟ್ಟ ವರ್ಷ ರಾಶಿಯೂ ಇಲ್ಲ. ಆಗ ತಾವರಗೇರಾ, ಹನುಮಸಾಗರದ ಸುತ್ತಲಿನ ಊರುಗಳಿಂದ ಕುಟುಂಬಗಳು ಗುಳೆ ಹೊರಡುತ್ತವೆ. ಜೋಳದ ಹಿಟ್ಟಿನ ಚೀಲ, ಒಂದು ಕೌದಿ ಗಂಟು, ನಾಲ್ಕು ಪಾತ್ರೆ, ಶಾಲೆ ಬಿಟ್ಟ ಒಂದು ಮಗು ಹಿಡಿದುಕೊಂಡು ಮಂಗಳೂರು, ಉಡುಪಿ, ಬೆಂಗಳೂರು, ಗೋವಾ ಕಡೆಯ ಬಸ್ಸು ಹತ್ತುತ್ತಾರೆ. ಕರಾವಳಿಯ ರಸ್ತೆ ಅಗೆತ, ಬೆಂಗಳೂರಿನ ಅಪಾರ್ಟ್‌ಮೆಂಟಿನ ಸ್ಲ್ಯಾಬು, ಸೆಂಟ್ರಿಂಗ್, ಕೇಬಲ್ ಗುಂಡಿ, ಕಲ್ಲುಹಾಸು ಇವೆಲ್ಲ ಇವರ ಕೈಯಲ್ಲಿ ಆದ ಕೆಲಸ. ಎರಡೂ ಕಡೆ ದುಡಿಯುವುದು ಅದೇ ಮನುಷ್ಯ. ಮಂಗಳೂರಿನಲ್ಲಿ ಸ್ಲ್ಯಾಬ್ ಹಾಕುವ ದಿನ ಹೊತ್ತು ಮುಳುಗಿದರೂ ಬಾಂಡ್ಲಿ ಕೆಳಗಿಡದವನು ಸ್ವಂತ ಜಿಲ್ಲೆಯಲ್ಲಿ ಸೋಮಾರಿಯಾಗುವುದು ಹೇಗೆ? ಗುಳೆ ಹೋದಲ್ಲಿ ಸುಖವಿದೆ ಎಂದಲ್ಲ. ತಗಡಿನ ಶೆಡ್ಡು, ಬಿದ್ದರೆ ಕೇಳುವವರಿಲ್ಲದ ಎತ್ತರ, ಮಗುವಿನ ಓದಿಗೆ ಕತ್ತರಿ, ಎಲ್ಲ ಇದೆ. ಆದರೂ ಅಲ್ಲಿ ವಾರದ ಲೆಕ್ಕ ವಾರಕ್ಕೆ ಮುಗಿಯುತ್ತದೆ. ಕರೆದೊಯ್ದ ಮೇಸ್ತ್ರಿ ಊರಿನವನು, ತಪ್ಪಿದರೆ ಊರಿಗೆ ಬಂದು ಮುಖ ತೋರಿಸಬೇಕಾದವನು. ಸಿಮೆಂಟ್ ಕಲಸಲು ಹೋದ ಹುಡುಗ ಎರಡು ಮೂರು ವರ್ಷಕ್ಕೆ ಗಾರೆ ಕೆಲಸ ಕಲಿತು ಹೆಚ್ಚಿನ ಕೂಲಿ ಕೇಳಬಹುದು. ಊರಿನ ಬಳಿಯ ಕೆಲಸದಲ್ಲಿ ಇಲ್ಲದಿರುವುದು ಈ ಮೂರೇ.

ಗ್ಯಾರಂಟಿ ಯೋಜನೆಗಳ ಮೇಲಿನ ದೂರನ್ನು ಸಾಮಾನ್ಯ ಗಣಿತವೇ ಮುಗಿಸುತ್ತದೆ. ಗೃಹಲಕ್ಷ್ಮಿಯ ಹಣ ತಿಂಗಳಿಗೆ 2,000 ರೂಪಾಯಿ, ಅಂದರೆ ದಿನಕ್ಕೆ 67 ರೂಪಾಯಿಗಿಂತ ಕಡಿಮೆ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿಯೇ ದಿನಕ್ಕೆ 370 ರೂಪಾಯಿ ಇತ್ತು. ಅರವತ್ತೇಳಕ್ಕಾಗಿ ಮುನ್ನೂರೆಪ್ಪತ್ತು ಬಿಡುವ ಹೆಣ್ಣುಮಗಳು ಯಾವ ಊರಿನಲ್ಲೂ ಇಲ್ಲ. ಆ ಖಾತರಿ ಯೋಜನೆಯಡಿ ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಕೆರೆ ಹೂಳು ತೆಗೆಯಲು, ಬದು ಹಾಕಲು ಪುಟ್ಟಿ ಹಿಡಿದು ಬಂದವರು ಇದೇ ಜಿಲ್ಲೆಯ ಮಹಿಳೆಯರು. ಅಲ್ಲಿ ಹಾಜರಿ ಬರೆಯುವ ಕಾಯಕ ಬಂಧು ಅವರೊಳಗಿನವಳೇ ಆಗಿರುತ್ತಿದ್ದಳು. ಕೂಲಿ ಬ್ಯಾಂಕ್ ಖಾತೆಗೇ ಬರುತ್ತಿತ್ತು. ಜಗತ್ತಿನ ಬೇರೆಡೆಯೂ ಇದೇ ಕಂಡಿದೆ. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಆರು ಬಡ ದೇಶಗಳಲ್ಲಿ ನಡೆದ ಏಳು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ 2017ರಲ್ಲಿ ಬರೆದದ್ದು ಇಷ್ಟೇ: ಸರ್ಕಾರದ ನೆರವಿನ ಹಣದಿಂದ ಬಡವರು ದುಡಿಮೆ ಕಡಿಮೆ ಮಾಡುತ್ತಾರೆ ಎನ್ನಲು ಆಧಾರವಿಲ್ಲ. 2,000 ರೂಪಾಯಿಯಿಂದ ಆಗಿರುವುದು ಬೇರೆ. ಅವಮಾನ ಮಾಡುವ ಮಾಲೀಕನಲ್ಲಿಗೆ ಮರುದಿನವೂ ಹೋಗಲೇಬೇಕು ಎಂಬ ಒತ್ತಡ ಸ್ವಲ್ಪ ಸಡಿಲಾಗಿದೆ. ಸೋಮಾರಿತನ ಎಂದು ಕರೆಯುತ್ತಿರುವುದು ಬಹುಪಾಲು ಇದನ್ನೇ.

ಇನ್ನು ಕೌಶಲದ ಮಾತು. ‘ಇವರಿಗೆ ಏನೂ ಬರುವುದಿಲ್ಲ’ ಎನ್ನುವವರು ಕುಷ್ಟಗಿ ಕಡೆಯ ಬೀಜೋತ್ಪಾದನೆಯ ಹೊಲವೊಂದರಲ್ಲಿ ಒಂದು ಸಂಜೆ, ಒಂದು ಬೆಳಗ್ಗೆ ನಿಂತು ನೋಡಬೇಕು. ಹೈಬ್ರಿಡ್ ಹತ್ತಿಯ ಅಥವಾ ತರಕಾರಿಯ ಬೀಜ ತಾನಾಗಿ ಆಗುವುದಿಲ್ಲ. ಒಂದೊಂದು ಹೂವನ್ನೂ ಕೈಯಿಂದ ಕ್ರಾಸಿಂಗ್ ಮಾಡಬೇಕು. ಹತ್ತಿಯಾದರೆ, ನಾಳೆ ಅರಳುವ ಮೊಗ್ಗು ಯಾವುದು ಎಂದು ಇಂದು ಸಂಜೆಯೇ ಗುರುತು ಹಿಡಿದು, ಹೆಬ್ಬೆರಳ ಉಗುರಿನಿಂದ ಸುತ್ತ ಗೀರಿ, ದಳವನ್ನೂ ಗಂಡು ಕೇಸರವನ್ನೂ ಒಟ್ಟಿಗೆ ಕಳಚಬೇಕು. ಒಳಗಿನ ಹೆಣ್ಣು ಭಾಗಕ್ಕೆ ಉಗುರು ತಾಕಿದರೆ ಕಾಯಿ ಕಟ್ಟುವುದಿಲ್ಲ. ಒಂದು ಕೇಸರ ಉಳಿದರೂ ಬೀಜ ಬೆರಕೆ. ಮರುದಿನ ಬಿಸಿಲು ಏರುವುದರೊಳಗೆ ಗಂಡು ಸಾಲಿನ ಹೂ ತಂದು ಪರಾಗ ಸವರಬೇಕು. ಪರೀಕ್ಷೆಯಲ್ಲಿ ತಳಿ ಶುದ್ಧವಿಲ್ಲವೆಂದು ಬಂದರೆ ಇಡೀ ಮಾಲು ತಿರಸ್ಕಾರ. ಕಂಪನಿಯ ಹೆಸರು, ರೈತನ ವರ್ಷದ ದುಡಿಮೆ ಎರಡೂ ಈ ಹೆಂಗಸರ ಉಗುರಿನ ತುದಿಯಲ್ಲಿವೆ. ಕೂಲಿಯ ಪಟ್ಟಿಯಲ್ಲಿ ಅವರು ಬರೀ ಆಳು.

ಭಾಗ್ಯನಗರದ್ದೂ ಇದೇ ಕಥೆ. ಕೊಪ್ಪಳಕ್ಕೆ ಅಂಟಿಕೊಂಡ ಈ ಊರು ಮಗ್ಗಕ್ಕೂ ಕೂದಲಿನ ಉದ್ಯಮಕ್ಕೂ ಹೆಸರಾದದ್ದು. ಊರೂರಿನಿಂದ ಬಂದ ಉದುರುಗೂದಲಿನ ಗಂಟುಗಳನ್ನು ಹೆಣ್ಣುಮಕ್ಕಳು ಎಳೆ ಹರಿಯದಂತೆ ಬಿಡಿಸುತ್ತಾರೆ, ಬುಡ–ತುದಿ ಸರಿಮಾಡುತ್ತಾರೆ, ಇಂಚಿನ ಲೆಕ್ಕದಲ್ಲಿ ಉದ್ದ ಬೇರ್ಪಡಿಸಿ ಕಟ್ಟು ಕಟ್ಟುತ್ತಾರೆ. ಮಾಲು ಹೊರದೇಶಕ್ಕೆ ಹೋಗುತ್ತದೆ. ತೂಕಕ್ಕೆ ಇಷ್ಟು ಎಂದು ಮಜೂರಿ. ಹತ್ತು ವರ್ಷ ಕೂದಲು ಬಿಡಿಸಿದವಳ ಕಣ್ಣಳತೆಗೂ ನಿನ್ನೆ ಸೇರಿದವಳ ಕಣ್ಣಳತೆಗೂ ಅಜಗಜಾಂತರ. ಆದರೆ ಆ ಅನುಭವಕ್ಕೆ ಹುದ್ದೆ ಎಂಬುದಿಲ್ಲ. ಹತ್ತು ಜನಕ್ಕೆ ಕಲಿಸಬಲ್ಲ ಕೈ ಎಂದು ಆಕೆಗೆ ಹೆಚ್ಚಿನ ಹಣವಿಲ್ಲ. ದೂಳು ಕುಡಿದು ಕೆಮ್ಮು ಬಂದರೆ ಔಷಧಿಯ ಖರ್ಚು ಅವಳದೇ. ಇಂಥ ಕೆಲಸವನ್ನು ಒಬ್ಬಾಕೆ ಬಿಟ್ಟರೆ ಅದು ಅವಳ ಗುಣದೋಷವೇ?

ಕಾರ್ಖಾನೆಗಳ ಸೀಮೆಗೆ ಬರೋಣ. ತುಂಗಭದ್ರಾ ಹಿನ್ನೀರಿನ ಆಸುಪಾಸಿನಲ್ಲಿ, ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್, ಗಿಣಿಗೇರಿಯಲ್ಲಿ ಹೊಸಪೇಟೆ ಸ್ಟೀಲ್ಸ್ ತೊಂಬತ್ತರ ದಶಕದಲ್ಲಿ ಎದ್ದವು. ಕೊಪ್ಪಳ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದದ್ದೂ ಅದೇ ದಶಕದಲ್ಲಿ, 1997ರಲ್ಲಿ. ಆಮೇಲೆ ಸ್ಪಾಂಜ್ ಐರನ್, ಉಕ್ಕು, ವಿದ್ಯುತ್ ಘಟಕಗಳು ಸಾಲಾಗಿ ಬಂದವು. ಒಂದು ತಲೆಮಾರು ಆ ಚಿಮಣಿಗಳ ನೆರಳಿನಲ್ಲೇ ಬೆಳೆದಿದೆ. ಹೊಲ ಕೊಟ್ಟ ಮನೆಯಿಂದ ಒಬ್ಬರಿಗೆ ಕೆಲಸ ಎಂಬ ಮಾತಿನ ಸುತ್ತ ಈ ಭಾಗದಲ್ಲಿ ಎಷ್ಟು ಹೋರಾಟಗಳು ನಡೆದಿವೆ ಎಂಬುದು ಎಲ್ಲರಿಗೂ ಗೊತ್ತು. ಮೂವತ್ತು ವರ್ಷಗಳ ಮೇಲೆ ಕೇಳಬೇಕಾದ ಪ್ರಶ್ನೆ ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂಬುದಷ್ಟೇ ಅಲ್ಲ. ಹೆಲ್ಪರ್ ಆಗಿ ಸೇರಿದವರಲ್ಲಿ ಎಷ್ಟು ಜನ ಆಪರೇಟರ್ ಆದರು, ಶಿಫ್ಟ್ ಇನ್‌ಚಾರ್ಜ್ ಆದರು? ಉದ್ಯಮ ಸಭೆಗಳಲ್ಲಿ ಬಂಡವಾಳದ ಕೋಟಿಗಳನ್ನು ಓದಿ ಹೇಳುತ್ತಾರೆ. ಈ ಲೆಕ್ಕವನ್ನು ಯಾರೂ ಓದುವುದಿಲ್ಲ.

ಗುತ್ತಿಗೆ ಪದ್ಧತಿಯಲ್ಲಿ ಆ ಲೆಕ್ಕ ಹುಟ್ಟುವುದೂ ಇಲ್ಲ. ಕೆಲಸಗಾರ ದುಡಿಯುವುದು ಕಾರ್ಖಾನೆಯಲ್ಲಿ, ಕಾಗದದ ಮೇಲೆ ಅವನು ಗುತ್ತೇದಾರನ ಮನುಷ್ಯ. ಗುತ್ತೇದಾರ ಬದಲಾದರೆ ಸೇವೆ ಮೊದಲಿನಿಂದ ಎಣಿಕೆ. ಪಕ್ಕದಲ್ಲಿ ಅದೇ ಯಂತ್ರದ ಮುಂದೆ ನಿಂತ ಕಾಯಂ ನೌಕರನಿಗೆ ಬೋನಸ್ಸು, ರಜೆ, ಕ್ಯಾಂಟೀನು. ಇವನಿಗೆ ದಿನದ ಹಾಜರಿ. ಇದರಿಂದ ಮಾಲೀಕನಿಗೆ ಉಳಿತಾಯ ಎಂದು ನಂಬಿದವರಿಗೆ ಒಡಿಶಾದಲ್ಲಿ ಅರ್ಥಶಾಸ್ತ್ರಜ್ಞರಾದ ಎಮಿಲಿ ಬ್ರೆಜಾ, ಸುಪ್ರೀತ್ ಕೌರ್, ಯೋಗಿತಾ ಶಾಮ್‌ದಾಸಾನಿ ಮಾಡಿದ ಪ್ರಯೋಗ ಉತ್ತರ ಕೊಡುತ್ತದೆ. ಒಂದೇ ತಂಡದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಗಾರ ಕೊಟ್ಟು, ಯಾರು ಹೆಚ್ಚು ದುಡಿದರು ಎಂಬುದು ಯಾರಿಗೂ ಕಾಣದಂತಿದ್ದಾಗ, ಉತ್ಪಾದನೆ ಕುಸಿಯಿತು. ಹಾಜರಿಯೇ ನೂರಕ್ಕೆ 18 ಅಂಶ ಇಳಿಯಿತು. ಹೆಚ್ಚು ದುಡಿದವನಿಗೆ ಹೆಚ್ಚು ಪಗಾರ ಎಂಬುದು ಕಣ್ಣಿಗೆ ಕಂಡಾಗ ಮಾತ್ರ ಯಾವ ತೊಂದರೆಯೂ ಆಗಲಿಲ್ಲ. ಅಂದರೆ ಜನ ವ್ಯತ್ಯಾಸ ಒಪ್ಪುತ್ತಾರೆ, ಕಾರಣವಿಲ್ಲದ ವ್ಯತ್ಯಾಸ ಒಪ್ಪುವುದಿಲ್ಲ. ಕೊಪ್ಪಳದ ಸೂಪರ್‌ವೈಸರ್ ಗೈರುಹಾಜರಿ ಎಂದು ರಿಜಿಸ್ಟರಿನಲ್ಲಿ ಕೆಂಪು ಮಸಿಯಲ್ಲಿ ಬರೆಯುವುದರೊಳಗೆ ಈ ನೋವೂ ಸೇರಿರುತ್ತದೆ.

ಬಿಹಾರದವರು ಚೆನ್ನಾಗಿ ದುಡಿಯುತ್ತಾರೆ ಎಂಬ ಹೊಗಳಿಕೆಯೂ ಹೊಗಳಿಕೆಯಲ್ಲ. ಊರು ಎರಡು ದಿನದ ರೈಲು ದಾರಿ, ಇರುವುದು ಕಾರ್ಖಾನೆಯ ಬದಿಯ ಶೆಡ್ಡಿನಲ್ಲಿ, ಭಾಷೆ ಬಾರದು, ಲೇಬರ್ ಆಫೀಸು ಎಲ್ಲಿದೆಯೋ ತಿಳಿಯದು. ಅವನು ಬಾಯಿ ಮುಚ್ಚಿಕೊಂಡಿರುವುದು ತೃಪ್ತಿಯಿಂದಲ್ಲ. ಮಂಗಳೂರಿನಲ್ಲಿ ಕುಷ್ಟಗಿಯವನನ್ನೂ ಇದೇ ಮಾತಿನಲ್ಲಿ ಹೊಗಳುತ್ತಾರೆ: ಉತ್ತರ ಕರ್ನಾಟಕದವರು ಒಳ್ಳೆಯ ಕೆಲಸಗಾರರು, ಸ್ಥಳೀಯರು ಸೋಮಾರಿಗಳು. ಹೊರಗಿನವನು ಎಲ್ಲೆಡೆ ಒಳ್ಳೆಯವನಾಗುವುದು, ಎಲ್ಲೆಡೆ ಅವನ ಕೈ ಕಟ್ಟಿರುವುದರಿಂದ.

ಬಾಯಿ ಮುಚ್ಚಿಸಿದರೆ ಕೆಲಸ ಸಾಗುತ್ತದೆ ಎಂಬ ನಂಬಿಕೆಗೆ ಕರ್ನಾಟಕ ಕಂಡ ದೊಡ್ಡ ಉತ್ತರ ಕೋಲಾರ ಜಿಲ್ಲೆಯ ನರಸಾಪುರದ್ದು. 2020ರ ಡಿಸೆಂಬರ್ 12ರ ಬೆಳಗ್ಗೆ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ರೊಚ್ಚಿಗೆದ್ದರು. ಗಾಜು, ಯಂತ್ರ, ವಾಹನ ಪುಡಿಯಾದವು. ಮೊದಲ ದಿನ ಎಲ್ಲರ ಬಾಯಲ್ಲಿ ಬಂದದ್ದು ಕಿಡಿಗೇಡಿಗಳು, ಪುಂಡರು ಎಂಬ ಮಾತು. ರಾಜ್ಯದ ಕಾರ್ಖಾನೆಗಳ ಇಲಾಖೆ ಹೋಗಿ ನೋಡಿದಾಗ ಕಂಡದ್ದು ಬೇರೆ. ಅಲ್ಪ ಅವಧಿಯಲ್ಲಿ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅವರನ್ನು ನೋಡಿಕೊಳ್ಳಬೇಕಾದ ಎಚ್‌ಆರ್ ವಿಭಾಗ ಅದಕ್ಕೆ ತಕ್ಕಂತೆ ಬೆಳೆದಿರಲಿಲ್ಲ, ಕಾರ್ಮಿಕ ಕಾನೂನು ಬಲ್ಲವರೂ ಸಾಕಷ್ಟಿರಲಿಲ್ಲ. ಪಾಳಿಯನ್ನು 12 ಗಂಟೆಗೆ ಹಿಗ್ಗಿಸಲಾಗಿತ್ತು. ಹಾಜರಿ ದಾಖಲಿಸುವ ವ್ಯವಸ್ಥೆ ಕೆಟ್ಟು, ದುಡಿದ ದಿನಗಳು ಪಗಾರದಲ್ಲಿ ಕಾಣಿಸುತ್ತಿರಲಿಲ್ಲ. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿಲ್ಲವೆಂದು ಕಂಪನಿಯೇ ಒಪ್ಪಿಕೊಂಡಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷನನ್ನು ತೆಗೆಯಿತು. ತಿದ್ದಿಕೊಳ್ಳುವ ತನಕ ಹೊಸ ಕೆಲಸ ಕೊಡುವುದಿಲ್ಲ ಎಂದು ಆ್ಯಪಲ್ ಹೇಳಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಕೈಗೆ ಹೋಯಿತು.

ಕಲ್ಲು ಎಸೆದದ್ದನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ ‘ನನ್ನ ಹಾಜರಿ ಯಾಕೆ ಕಡಿಮೆ ಬಂದಿದೆ’ ಎಂದು ಕೇಳಲು ಒಂದು ಮೇಜು, ಅದರ ಹಿಂದೆ ಉತ್ತರ ಕೊಡಬಲ್ಲ ಒಬ್ಬ ಮನುಷ್ಯ ಇದ್ದಿದ್ದರೆ ಆ ಬೆಳಗ್ಗೆ ಹಾಗಾಗುತ್ತಿರಲಿಲ್ಲ. ನರಸಾಪುರದ ಹುಡುಗರಲ್ಲಿ ಐಟಿಐ, ಡಿಪ್ಲೊಮಾ ಓದಿದವರು, ಎಂಜಿನಿಯರಿಂಗ್ ಪದವೀಧರರೂ ಇದ್ದರು. ಗುಣದ ದೋಷವೆಂದರೆ ಯಾರ ಗುಣ?

ಈಗ ಇನ್ನೊಂದು ಮದ್ದು ಬಂದಿದೆ. ಕಡಕ್ ಮಾತಿನ ಬದಲು ಸಿಹಿ ಮಾತು. ‘ನಾವೆಲ್ಲ ಒಂದೇ ಕುಟುಂಬ’ ಎಂಬ ಬೋರ್ಡು, ಆಯುಧಪೂಜೆಗೆ ಸ್ಟೀಲ್ ಡಬ್ಬಿ, ವರ್ಷಕ್ಕೊಮ್ಮೆ ವ್ಯಕ್ತಿತ್ವ ವಿಕಸನದ ಭಾಷಣ, ಉತ್ತಮ ಕಾರ್ಮಿಕನಿಗೆ ಶಾಲು. ಶಾಲು ಹೊದಿಸುವುದು ತಪ್ಪಲ್ಲ. ಆದರೆ ಕಾರ್ಖಾನೆ ಕುಟುಂಬವಲ್ಲ; ಅದು ಕರಾರು. ಕುಟುಂಬದ ಹೆಸರಿನಲ್ಲಿ ಓಟಿ ಲೆಕ್ಕ ಕೇಳುವುದು ಅಪಚಾರವಾಗುತ್ತದೆ, ರಜೆ ಕೇಳುವುದು ಕೃತಘ್ನತೆಯಾಗುತ್ತದೆ. ದಿನದ ಮಿತಿ ಮೀರಿದ ದುಡಿಮೆಗೆ ಎರಡು ಪಟ್ಟು ಕೂಲಿ ಎಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ಆ ಎರಡು ಪಟ್ಟು ಕೈಗೆ ಬಂದ ಮೇಲೆ ಶಾಲಿಗೂ ಬೆಲೆ ಬರುತ್ತದೆ.

ಕಲಿಸಿದರೆ ಬಿಟ್ಟು ಹೋಗುತ್ತಾರೆ ಎಂಬ ಹೆದರಿಕೆಯನ್ನೂ ನಮ್ಮ ರಾಜ್ಯದಲ್ಲೇ ಪರೀಕ್ಷೆ ಮಾಡಿ ನೋಡಲಾಗಿದೆ. ಬೆಂಗಳೂರಿನಲ್ಲಿ ಶಾಹಿ ಎಕ್ಸ್‌ಪೋರ್ಟ್ಸ್‌ನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಮಾಡುವ ಹೆಣ್ಣುಮಕ್ಕಳಿಗೆ ಸುಮಾರು 80 ಗಂಟೆಗಳ ತರಬೇತಿ ಕೊಟ್ಟರು. ಮಾತಾಡುವುದು, ಸಮಯ ಹಂಚಿಕೊಳ್ಳುವುದು, ಜಗಳವಿಲ್ಲದೆ ಬಿಕ್ಕಟ್ಟು ಬಿಡಿಸುವುದು, ಹಣಕಾಸು ನೋಡಿಕೊಳ್ಳುವುದು, ಇಂಥವು. ಯಾರಿಗೆ ತರಬೇತಿ ಎಂಬುದನ್ನು ಚೀಟಿ ಎತ್ತಿ ಆರಿಸಿದ್ದರಿಂದ ಹೋಲಿಕೆ ನಿಖರವಾಗಿತ್ತು. ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನೈಷಧಂ ಲೆಕ್ಕ ಹಾಕಿದಾಗ ಕಲಿತವರ ಉತ್ಪಾದಕತೆ ನೂರಕ್ಕೆ 13.5ರಷ್ಟು ಹೆಚ್ಚಿತ್ತು. ತರಬೇತಿ ಮುಗಿದ ಎಂಟು ತಿಂಗಳಲ್ಲಿ ಕಂಪನಿ ಹಾಕಿದ ಹಣದ ಮೇಲೆ ಬಂದ ನಿವ್ವಳ ಲಾಭ ನೂರಕ್ಕೆ 256. ಕಲಿತವರು ಕಲಿಯದವರಿಗಿಂತ ಹೆಚ್ಚಾಗಿ ಕೆಲಸ ಬಿಡಲಿಲ್ಲ.

ಇದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಉದ್ಯಮದವರು ಮುಂದೆ ತರುವುದಿಲ್ಲ. ಆ ಹೆಣ್ಣುಮಕ್ಕಳ ಪಗಾರ ಏರಿದ್ದು ನೂರಕ್ಕೆ ಅರ್ಧ. ಹದಿಮೂರೂವರೆ ಕೊಟ್ಟು ಅರ್ಧ ಪಡೆದರು. ತರಬೇತಿಯನ್ನು ಹೊಗಳುವ ಲೇಖನಗಳು, ಭಾಷಣಗಳು ಇಲ್ಲಿಗೆ ಬಂದಾಗ ಸುಮ್ಮನಾಗುತ್ತವೆ. ನೌಕರರ ಬೆಳವಣಿಗೆ ಎಂಬುದು ಕಂಪನಿಯ ಬೆಳವಣಿಗೆಯ ಇನ್ನೊಂದು ಹೆಸರಾದರೆ ಆ ತರಬೇತಿಯೂ ಒಂದು ಬಗೆಯ ಸುಲಿಗೆಯೇ. ಕಲಿತದ್ದಕ್ಕೆ ಪಗಾರದಲ್ಲಿ ಪಾಲು, ಹುದ್ದೆಯಲ್ಲಿ ಹೆಸರು, ಎರಡೂ ಬರೆದು ಕೊಟ್ಟಾಗ ಮಾತ್ರ ಅದು ಬೆಳವಣಿಗೆ.

ಗಂಗಾವತಿಗೆ ಹೋದರೆ ಲೆಕ್ಕ ಬೇರೆ ರೂಪದಲ್ಲಿ ಸಿಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಈ ಸೀಮೆಯನ್ನು ಭತ್ತದ ಕಣಜ ಮಾಡಿತು. ಗಂಗಾವತಿ–ಕಾರಟಗಿ ನಡುವೆ ಮಿಲ್ಲುಗಳ ಸಾಲೇ ಇದೆ. ಇಲ್ಲಿ ಭತ್ತದ ದರವನ್ನೇ 75 ಕೆ.ಜಿ. ಚೀಲದ ಲೆಕ್ಕದಲ್ಲಿ ಹೇಳುವುದು ರೂಢಿ. ಆ ಚೀಲ ಲಾರಿಯಿಂದ ಇಳಿಯುವುದು ಹಮಾಲನ ಬೆನ್ನ ಮೇಲೆ. ಚೀಲಕ್ಕೆ ಇಷ್ಟು ಎಂದು ಮಜೂರಿ, ಗ್ಯಾಂಗಿಗೆ ಒಟ್ಟು ಲೆಕ್ಕ, ಮದುವೆಗೋ ಮನೆಗೋ ತೆಗೆದುಕೊಂಡ ಅಡ್ವಾನ್ಸು ಅದರಲ್ಲಿ ಮುರಿತ. ಅಡ್ವಾನ್ಸ್ ಕೊಟ್ಟರೆ ಆಳು ನಿಲ್ಲುತ್ತಾನೆ ಎಂಬುದು ಹಳೆಯ ಲೆಕ್ಕಾಚಾರ. ಸಾಲದಲ್ಲಿ ನಿಂತವನ ಕಾಲು ನಿಂತಿರಬಹುದು, ಮನಸ್ಸು ನಿಲ್ಲುವುದಿಲ್ಲ. ಒಡಿಶಾದಲ್ಲೇ ಎಲೆಯ ತಟ್ಟೆ ಹೊಲಿಯುವ ಕೆಲಸಗಾರರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, ದುಡಿದ ಹಣದ ಒಂದು ಪಾಲನ್ನು ಅವಧಿಗೆ ಮುಂಚೆಯೇ ಕೈಗೆ ಕೊಟ್ಟಾಗ ಗಂಟೆಯ ಕೆಲಸ ಸುಮಾರು ನೂರಕ್ಕೆ 7ರಷ್ಟು ಹೆಚ್ಚಿತು, ತಪ್ಪುಗಳು ಕಡಿಮೆಯಾದವು. ಸಾಲ ಕೊಟ್ಟು ಕಟ್ಟಿಹಾಕುವುದು ಬೇರೆ, ದುಡಿದದ್ದನ್ನು ಬೇಗ ಕೊಡುವುದು ಬೇರೆ. ಮನೆಯ ಚಿಂತೆ ತಲೆಯೊಳಗಿಂದ ಇಳಿದರೆ ಕೈ ತಾನಾಗಿ ಚುರುಕಾಗುತ್ತದೆ.

ಮಾಲೀಕರ ಕಷ್ಟ ಸುಳ್ಳಲ್ಲ, ಅದನ್ನೂ ಹೇಳಬೇಕು. ಮಿಲ್ಲಿಗೆ ಸುಗ್ಗಿಯ ದಿನಗಳಲ್ಲಿ ಒಮ್ಮೆಲೇ ಜನ ಬೇಕು. ಆಮೇಲೆ ತಿಂಗಳುಗಟ್ಟಲೆ ಕೆಲಸವಿಲ್ಲ. ಸಣ್ಣ ಉದ್ಯಮಿಗೆ ದೊಡ್ಡ ಕಂಪನಿಯಂತೆ ವಸತಿ, ವೈದ್ಯರು ಎಂದೆಲ್ಲ ಇಡಲು ಕೈ ಸಾಲದು. ಮುಂಗಾರು ಬಿದ್ದ ವಾರ ಅರ್ಧ ಪಾಳಿ ಖಾಲಿಯಾಗುವುದೂ ನಿಜ. ಆದರೆ ಗವಿಮಠದ ಜಾತ್ರೆ ಪ್ರತಿ ಜನವರಿಯಲ್ಲಿ ಬರುತ್ತದೆ, ಬಿತ್ತನೆ ಜೂನ್–ಜುಲೈಯಲ್ಲಿ ಬರುತ್ತದೆ. ವರ್ಷಾರಂಭಕ್ಕೇ ಗೊತ್ತಿರುವ ದಿನಗಳನ್ನು ಪಾಳಿಪಟ್ಟಿಯಲ್ಲಿ ಸೇರಿಸದೆ, ಪ್ರತಿ ಸಲವೂ ಅದನ್ನು ದ್ರೋಹವೆಂದು ಕರೆಯುವುದು ಆಡಳಿತದ ಸೋಲು. ಈ ಸೀಮೆಯ ಕಾರ್ಮಿಕ ಎರಡು ಎಕರೆ ಹೊಲವಿರುವ ರೈತನೂ ಹೌದು. ಆ ಹೊಲ ಅವನ ಪಗಾರದ ಕೊರತೆಯನ್ನು ತುಂಬಿಕೊಡುತ್ತಿರುವುದರಿಂದಲೇ ಇಷ್ಟು ಕಡಿಮೆ ಕೂಲಿಗೆ ಅವನು ಸಿಗುತ್ತಿದ್ದಾನೆ ಎಂಬುದನ್ನು ಮಾಲೀಕರು ನೆನಪಿಡಬೇಕು.

ಖರ್ಚಿಲ್ಲದೆ ಮಾಡಬಹುದಾದದ್ದೂ ಬಹಳಷ್ಟಿದೆ. ಐವತ್ತು ದಾಟಿದ ಹಮಾಲನನ್ನು ಇಪ್ಪತ್ತೈದರ ಗುಮಾಸ್ತ ‘ಏ, ಬಾ ಇಲ್ಲಿ’ ಎಂದು ಕರೆಯುವುದು ನಿಂತರೆ ಯಾವ ಮಿಲ್ಲಿಗೂ ನಷ್ಟವಿಲ್ಲ. ಊರಿನಲ್ಲಿ ಅದೇ ಗುಮಾಸ್ತ ಅದೇ ವಯಸ್ಸಿನವರನ್ನು ‘ಯಣ್ಣಾ’, ‘ಕಾಕಾ’ ಎನ್ನುತ್ತಾನೆ. ಗೇಟಿನ ಒಳಗೆ ಬಂದ ಕೂಡಲೆ ನಾಲಗೆ ಬದಲಾಗುತ್ತದೆ. ದಿನದ ಹಾಜರಿಯನ್ನು ದುಡಿದವನಿಗೇ ತೋರಿಸಿ ಸಹಿ ಹಾಕಿಸಬಹುದು. ಪಗಾರ ಚೀಟಿಯನ್ನು ಕನ್ನಡದಲ್ಲಿ ಕೊಡಬಹುದು. ಅಹವಾಲು ಕೇಳುವುದನ್ನು ಯಾರೂ ಸಣ್ಣದೆಂದು ತಿಳಿಯಬಾರದು. ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ನಿರಾಸೆ ತಂದ ಪಗಾರ ಏರಿಕೆಯ ಬೆನ್ನಿಗೆ, ಹೆಸರು ಬರೆಯದೆ ತಮ್ಮ ಅಭಿಪ್ರಾಯ ಹೇಳುವ ಅವಕಾಶ ಸಿಕ್ಕ ಕಾರ್ಮಿಕರಲ್ಲಿ ಕೆಲಸ ಬಿಡುವವರೂ ಗೈರಾಗುವವರೂ ಕಡಿಮೆಯಾದರು ಎಂಬುದೂ ಪ್ರಯೋಗದಿಂದ ತಿಳಿದಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಎಲ್ಲ ಕಾರ್ಮಿಕರಿಗೆ ನೇಮಕಾತಿ ಪತ್ರ ಕೊಡಬೇಕು. 20 ಅಥವಾ ಹೆಚ್ಚು ಜನ ದುಡಿಯುವ ಕಡೆ ಮಾಲೀಕರ ಕಡೆಯವರೂ ಕಾರ್ಮಿಕರ ಕಡೆಯವರೂ ಸಮಾನ ಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕು. ಈ ಸಂಹಿತೆಗಳ ಬೇರೆ ಭಾಗಗಳಿಗೆ ಕಾರ್ಮಿಕ ಸಂಘಟನೆಗಳ ಗಟ್ಟಿ ವಿರೋಧವಿದೆ, ಅದಕ್ಕೆ ಕಾರಣಗಳೂ ಇವೆ. ಈ ಎರಡು ಅಂಶಗಳನ್ನಾದರೂ ಕೊಪ್ಪಳದ ಮಿಲ್ಲು, ಕಾರ್ಖಾನೆಗಳು ನಾಳೆಯಿಂದಲೇ ಪಾಲಿಸಲು ಏನು ಅಡ್ಡಿ?

ಕೆಲಸಕ್ಕೆ ಮೇಲಿನ ಮೆಟ್ಟಿಲಿದೆಯೇ ಎಂಬ ಪ್ರಶ್ನೆ ಇನ್ನು ಮುಂದೆ ಯಲಬುರ್ಗಾ–ಕುಕನೂರು ಸೀಮೆಯಲ್ಲಿ ಹೆಚ್ಚು ಕಟುವಾಗಲಿದೆ. ಕೊಪ್ಪಳದಿಂದ ಗದಗದ ಹಾದಿಯಲ್ಲಿರುವ ಭಾನಾಪುರದ ಬಳಿ 400 ಎಕರೆಯಲ್ಲಿ ಆಟಿಕೆ ಕ್ಲಸ್ಟರ್ ಮಾಡುವುದಾಗಿ ಸರ್ಕಾರ 2020ರಲ್ಲಿ ಘೋಷಿಸಿದಾಗ ಹೇಳಿದ ಅಂಕಿ 5,000 ಕೋಟಿ ರೂಪಾಯಿ ಹೂಡಿಕೆ, ಐದು ವರ್ಷದಲ್ಲಿ 40,000 ಉದ್ಯೋಗ. ಅದರಲ್ಲಿ ಹೆಚ್ಚಿನವು ಮಹಿಳೆಯರಿಗೆ. ಅಲ್ಲಿಂದ ಕಿನ್ನಾಳ ದೂರವಿಲ್ಲ. ಹಗುರ ಮರದ ಮೇಲೆ ಹುಣಸೆ ಬೀಜದ ಅಂಟು ಬಳಿದು ಬಣ್ಣದ ಗೊಂಬೆ ಮಾಡುವ ವಿದ್ಯೆಯನ್ನು ಅಲ್ಲಿನ ಚಿತ್ರಗಾರ ಕುಟುಂಬಗಳು ತಲೆಮಾರುಗಳಿಂದ ಮಕ್ಕಳಿಗೆ ಕೂತು ಕಲಿಸಿಕೊಂಡು ಬಂದಿವೆ. ಅಂಟು ಅರೆಯುವುದರಿಂದ ಶುರುವಾಗಿ ಕಣ್ಣು ಬರೆಯುವ ತನಕ ಕಲಿಕೆಗೆ ಹಂತಗಳಿವೆ. ಕಣ್ಣು ಬರೆಯುವ ಕೈಗೆ ಮನೆಯಲ್ಲಿ ಹಿರಿತನವಿದೆ. ಪ್ಲಾಸ್ಟಿಕ್ ಅಚ್ಚಿನ ಯಂತ್ರದ ಮುಂದೆ ನಿಲ್ಲುವ ಹುಡುಗಿಗೆ ಅಂಥ ಹಂತಗಳಿವೆಯೇ ಎಂಬುದೇ ಈ ಜಿಲ್ಲೆ ಕೇಳಬೇಕಾದ ಮಾತು.

2011ರ ಜನಗಣತಿಯ ಹೊತ್ತಿಗೆ ಜಿಲ್ಲೆಯ ಸಾಕ್ಷರತೆ ನೂರಕ್ಕೆ 68. ಮಹಿಳೆಯರದು ಇನ್ನೂ ಹತ್ತು ಅಂಶ ಕಡಿಮೆ. ಆ ಮಹಿಳೆಯರ ಮಕ್ಕಳು ಈಗ ಪಿಯುಸಿ, ಐಟಿಐ, ಡಿಪ್ಲೊಮಾ ಮುಗಿಸಿ ನಿಂತಿದ್ದಾರೆ. ತಳಕಲ್ಲಿನಲ್ಲೂ ಗಂಗಾವತಿಯಲ್ಲೂ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. 2025ರ ಮೇ ತಿಂಗಳಲ್ಲಿ ತಳಕಲ್–ಕುಷ್ಟಗಿ ಮಾರ್ಗದಲ್ಲಿ ರೈಲು ಓಡತೊಡಗಿದೆ. ಶಕ್ತಿ ಯೋಜನೆಯ ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆ. ಅಂದರೆ ಕುಷ್ಟಗಿಯಿಂದ ಮಂಗಳೂರಿಗೆ ಹೋಗುವವಳು ಭಾನಾಪುರಕ್ಕೆ ಬರಲು ದಾರಿ ಸಿದ್ಧವಾಗಿದೆ. ದಾರಿಯಷ್ಟೇ ಸಾಲದು, ಕೆಲಸವೂ ಸಿಗಬೇಕು. 2024ರ ಜುಲೈನಲ್ಲಿ ಖಾಸಗಿ ಉದ್ಯಮಗಳ ಆಡಳಿತದ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದವುಗಳಲ್ಲಿ ನೂರಕ್ಕೆ 70 ಸ್ಥಳೀಯರಿಗೆ ಎಂಬ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗದ್ದಲ ಎಬ್ಬಿಸಿದ ಕೂಡಲೆ ತಡೆಹಿಡಿಯಿತು. ಸ್ಥಳೀಯರಲ್ಲಿ ಕೌಶಲವಿಲ್ಲ ಎಂಬ ಅದೇ ವಾದ ಆಗಲೂ ಬಂತು. ಮಸೂದೆ ಬಂದರೂ ಅದು ಗೇಟಿನ ಒಳಗೆ ಬಿಡಿಸುತ್ತದೆಯೇ ಹೊರತು ಒಳಗೆ ಹೋದ ಮೇಲೆ ಮೇಲೇರಿಸುವುದಿಲ್ಲ.

ಅದಕ್ಕೆ ಬೇಕಾದದ್ದನ್ನು ಜಿಲ್ಲಾಡಳಿತ ಇವತ್ತೇ ಕೇಳಬಹುದು. ಜಿಲ್ಲಾಮಟ್ಟದ ಉದ್ಯಮ ಸಭೆಗೆ ಬರುವ ಪ್ರತಿ ಕಾರ್ಖಾನೆಯೂ ಹೂಡಿಕೆಯ ಕೋಟಿ, ನೇಮಕದ ಸಂಖ್ಯೆಗಳ ಜೊತೆ ಇನ್ನು ಮೂರು ಸಾಲು ಬರೆದು ತರಲಿ: ಮೂರು ವರ್ಷದ ಹಿಂದೆ ಹೆಲ್ಪರ್ ಆಗಿ ಸೇರಿದವರಲ್ಲಿ ಇಂದು ಎಷ್ಟು ಜನ ಉಳಿದಿದ್ದಾರೆ, ಅವರಲ್ಲಿ ಎಷ್ಟು ಜನ ಮೇಲಿನ ಹುದ್ದೆಗೆ ಏರಿದ್ದಾರೆ, ಏರಿದವರಲ್ಲಿ ಹೆಣ್ಣುಮಕ್ಕಳು ಎಷ್ಟು. ಮೊದಲ ಸಾಲಿನಲ್ಲಿ ದೊಡ್ಡ ಸಂಖ್ಯೆಯೂ ಎರಡನೆಯದರಲ್ಲಿ ಸೊನ್ನೆಯೂ ಬಂದರೆ ನಮ್ಮ ಮಂದಿ ನಿಲ್ಲುವುದಿಲ್ಲ ಎಂಬ ಮಾತನ್ನು ಆ ಕಾರ್ಖಾನೆ ಮತ್ತೆ ಎತ್ತುವಂತಿಲ್ಲ. ಮೊದಲ ಸಾಲಿನಲ್ಲೇ ಸಂಖ್ಯೆ ಕುಸಿದಿದ್ದರೆ, ಬಿಟ್ಟು ಹೋದವರನ್ನು ಅವರವರ ಊರಿನಲ್ಲೇ ಕಂಡು ಕಾರಣ ಬರೆದುಕೊಂಡು ಬರಲು ಕಾರ್ಮಿಕ ಇಲಾಖೆಯ ಒಬ್ಬ ಇನ್‌ಸ್ಪೆಕ್ಟರ್ ಸಾಕು.